ತಾಳ ತಪ್ಪದ ಹೃದಯ

"ನೀವು ಜೀವಂತ ಮನುಷ್ಯ ಎಂಬುದು ಖಚಿತವಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

ಫೋನಿನ ಮೇಲೆ ಮೂಡಿದ್ದನ್ನು ಗಟ್ಟಿಯಾಗಿ ಓದಿ ಗಂಗಾಧರ ಕರ್ಕೇರರು ಅದನ್ನು ಊಟದ ಮೇಜಿನ ಮೇಲೆ ಕವುಚಿಟ್ಟರು. ಆಗಷ್ಟೇ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದ ಸೊಸೆಯ ಕಡೆ ನೋಡಿದರು.

"ಇವತ್ತೂ ನಾನು ಸತ್ತಿದ್ದೇನೆ ನಿಶ್ಮಿತಾ. ನಿನ್ನ ಆಫೀಸಿನವರನ್ನು ನನ್ನ ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ ಕರಿ."

"ಮಾವ, ಒಂದು ಲೋಟ ನೀರು ಕುಡಿಯುವಷ್ಟಾದ್ರೂ ಬಿಡಿ."

ಬೋಳೂರಿನ ಆ ಮೂರನೇ ಮಹಡಿಯ ಮನೆಯಲ್ಲಿ ಈ ಸಂಭಾಷಣೆ ಸಂಜೆಯ ಕಾಫಿಯಷ್ಟೇ ಮಾಮೂಲಾಗಿಬಿಟ್ಟಿತ್ತು. ನಿಶ್ಮಿತಾಳ ಗಂಡ ಜಯಂತ ಹಡಗಿನಲ್ಲಿ ಎಂಜಿನಿಯರು. ವರ್ಷದಲ್ಲಿ ಹೆಚ್ಚು ಕಾಲ ಸಮುದ್ರದ ಮೇಲೆಯೇ ಇರುವವನು. ಮನೆಯಲ್ಲಿ ಉಳಿದವರು ಇವರಿಬ್ಬರೇ: ಕಡಲಜೀವಶಾಸ್ತ್ರ ಕಲಿಸಿ ನಿವೃತ್ತರಾದ ಮಾವ, ಮತ್ತು ಅವರನ್ನು ಮನುಷ್ಯ ಎಂದು ಒಪ್ಪದ ಕಂಪನಿಯಲ್ಲಿ ಕೆಲಸ ಮಾಡುವ ಸೊಸೆ.

ಕಂಪನಿಯ ಹೆಸರು 'ಮಿಡಿತ'. ಅದು ಹುಟ್ಟಿಕೊಂಡದ್ದಕ್ಕೆ ಕಾರಣವಿತ್ತು. ಬ್ಲಾಗುಗಳ ಕೆಳಗೆ ಪ್ರತಿಕ್ರಿಯೆ ಬರೆಯುವವರಲ್ಲಿ ಮನುಷ್ಯರಿಗಿಂತ ಯಂತ್ರಗಳೇ ಹೆಚ್ಚಾಗಿದ್ದ ಕಾಲವೊಂದಿತ್ತು. ಯಾರೋ ಹೆಣ್ಣುಮಗಳು ತಾಯಿ ತೀರಿಕೊಂಡದ್ದರ ಬಗ್ಗೆ ನಾಲ್ಕು ಸಾಲು ಬರೆದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಜನ ಸಂತಾಪ ಸೂಚಿಸುತ್ತಿದ್ದರು. ಪ್ರತಿಯೊಂದು ಸಂತಾಪದ ಕೊನೆಗೂ ಹಾಸಿಗೆಯದೋ ಬೋಳುತಲೆಯ ಎಣ್ಣೆಯದೋ ಜಾಹೀರಾತು ಇರುತ್ತಿತ್ತು. ಪಾಸ್‌ವರ್ಡು ಇಟ್ಟರು, ಒಗಟು ಇಟ್ಟರು, ಮುಖ ತೋರಿಸಿ ಎಂದರು, ದನಿ ಕೇಳಿಸಿ ಎಂದರು. ಯಂತ್ರಗಳು ಎಲ್ಲವನ್ನೂ ಕಲಿತವು. ಕೊನೆಗೆ ಉಳಿದದ್ದು ಹೃದಯ.

ಮನುಷ್ಯನ ಹೃದಯ ಗಡಿಯಾರದ ಹಾಗೆ ಬಡಿಯುವುದಿಲ್ಲ. ಉಸಿರು ಎಳೆದಾಗ ತುಸು ಅವಸರ, ಬಿಟ್ಟಾಗ ತುಸು ನಿಧಾನ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಯಾವಾಗಲೂ ಕೂದಲೆಳೆಯಷ್ಟು ಏರುಪೇರಾಗುತ್ತದೆ. ಫೋನಿನ ಹಿಂಬದಿಯ ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಚರ್ಮದ ಕೆಳಗಿನ ರಕ್ತದ ಏರಿಳಿತದಿಂದ ಈ ಏರುಪೇರನ್ನು ಓದಬಹುದು. ಅದು ಸರಿ ಕಂಡರೆ ಮಾತ್ರ ಪ್ರತಿಕ್ರಿಯೆಯ ಪೆಟ್ಟಿಗೆ ತೆರೆಯುತ್ತದೆ; ಬರೆದು ಕಳಿಸುವವರೆಗೂ ಬೆರಳು ಅಲ್ಲೇ ಇರಬೇಕು. ನಾಡಿನ ದೊಡ್ಡ ಬ್ಲಾಗುತಾಣವಾದ 'ಪಡಸಾಲೆ' ಇದನ್ನು ಕಡ್ಡಾಯ ಮಾಡಿದ ಮೇಲೆ ಯಂತ್ರಗಳ ಕಾಟ ನಿಂತಿತು. ಜನ ನೆಮ್ಮದಿಯ ಉಸಿರು ಬಿಟ್ಟರು.

ಕರ್ಕೇರರ ಎದೆಯೊಳಗೆ ಮಾತ್ರ ಪೇಸ್‌ಮೇಕರ್ ಇತ್ತು. ನಿಮಿಷಕ್ಕೆ ಎಪ್ಪತ್ತು ಸಲ, ಒಂದರಷ್ಟೇ ಇನ್ನೊಂದು ಎಂಬಂತೆ, ಅದು ಅವರ ಹೃದಯವನ್ನು ತಪ್ಪದೆ ಬಡಿಸುತ್ತಿತ್ತು.

"ನಿನ್ನ ಕಂಪನಿಗೆ ಬೇಕಾದದ್ದು ತಾಳ ತಪ್ಪುವ ಹೃದಯ" ಎಂದರು ಕರ್ಕೇರರು. "ನನ್ನದು ತಪ್ಪುದಿಲ್ಲ. ಅದು ನನ್ನ ತಪ್ಪಾ?"

"ನಾನು ಹೇಳಿದ್ದೇನೆ ಮಾವ. ಮೀಟಿಂಗಿನಲ್ಲಿಯೂ ಹೇಳಿದ್ದೇನೆ."

"ಎಂತ ಹೇಳಿದ್ರು?"

"ನೋಡುವ ಅಂದ್ರು."

"ನೋಡ್ಲಿಕ್ಕೆ ಅವರಿಗೆ ಕಣ್ಣುಂಟಾ?"

ನಿಶ್ಮಿತಾ ಫ್ರಿಜ್ಜಿನ ಬಾಗಿಲು ತೆಗೆದಳು. ನಿಜ ಹೇಳಬೇಕೆಂದರೆ ಅವಳಿಗೆ ಕಂಪನಿಯ ಮೇಲೂ ಮಾವನ ಮೇಲೂ ಸಿಟ್ಟಿತ್ತು. ಮಾವನಿಗೆ ಓದಲು ಯಾರ ಅಡ್ಡಿಯೂ ಇರಲಿಲ್ಲ, ಓದಿ ಸುಮ್ಮನಿರಬಹುದಿತ್ತು. ಆದರೆ ಮೂವತ್ತು ವರ್ಷ ಪಾಠ ಮಾಡಿದವರಿಗೆ ಕಂಡದ್ದಕ್ಕೆ ಎರಡು ಮಾತು ಸೇರಿಸದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

ಮರುದಿನ ಶನಿವಾರ. ನಿಶ್ಮಿತಾಳಿಗೆ ಬೆಳಗಿನ ಪಾಳಿ. 'ಮಿಡಿತ'ದ ನಿಯಂತ್ರಣ ಕೊಠಡಿಯ ಗೋಡೆ ತುಂಬ ಒಂದೇ ಪರದೆ; ಅದರಲ್ಲಿ ನಾಡಿನಾದ್ಯಂತ ಆ ಕ್ಷಣಕ್ಕೆ ಬೆರಳಿಟ್ಟವರ ನಾಡಿಗಳೆಲ್ಲ ಹಸಿರು ಗೆರೆಗಳಾಗಿ ಓಡುತ್ತಿದ್ದವು. ಆಗೊಮ್ಮೆ ಈಗೊಮ್ಮೆ ಒಂದು ಗೆರೆ ಕೆಂಪಾಗಿ ಆರಿಹೋಗುತ್ತಿತ್ತು. ಹಾಗೆ ಆರಿದ್ದೆಲ್ಲ ಯಂತ್ರ ಎಂದು ಲೆಕ್ಕ.

ಅವಳ ಫೋನು ಹೊಡೆದುಕೊಂಡಿತು. ಮಾವ.

"ನಿಶ್ಮಿತಾ, ತಮಾಷೆಗೆ ಮಾಡಿದ್ದಲ್ಲ ಫೋನು. ಕೂತುಕೊಂಡು ಕೇಳು."

ಅವರ ದನಿಯಲ್ಲಿ ದಿನದ ಕುಹಕವಿರಲಿಲ್ಲ. ಅವಳು ಎದ್ದು ಕಾರಿಡಾರಿಗೆ ಬಂದಳು.

ಕರ್ಕೇರರು ವರ್ಷಗಳಿಂದ ಓದುತ್ತಿದ್ದ 'ಉಪ್ಪುನೀರು' ಎಂಬ ಬ್ಲಾಗಿತ್ತು. ನದಿ ಕಡಲು ಸೇರುವಲ್ಲಿ ಸಿಗುವ ಮೀನು, ಏಡಿ, ಚಿಪ್ಪುಗಳ ಅಡುಗೆಯ ಬಗ್ಗೆ ಯಾರೋ ಒಬ್ಬ ಹೆಂಗಸು 'ಹೊಳೆಬದಿಯವಳು' ಎಂಬ ಹೆಸರಿನಲ್ಲಿ ಬರೆಯುತ್ತಿದ್ದಳು. ಅವತ್ತು ಬೆಳಿಗ್ಗೆ ಅವಳು ಒಂದು ಚಿತ್ರ ಹಾಕಿದ್ದಳು: ಬುಟ್ಟಿ ತುಂಬ ಮರುವಾಯಿ ಚಿಪ್ಪುಗಳು, ಹಿಂದೆ ಹೊಳೆಯ ನೀರು. ನಾಳೆ ಭಾನುವಾರ ಮಧ್ಯಾಹ್ನ ತನ್ನ ಮನೆಯಂಗಳದಲ್ಲಿ ಓದುಗರಿಗೆ ಮರುವಾಯಿ ಸುಕ್ಕದ ಊಟ, ಬರುವವರು ಕೆಳಗೆ ಪ್ರತಿಕ್ರಿಯೆ ಬರೆಯಿರಿ, ಬರೆದವರಿಗೆ ಜಾಗದ ವಿವರ ತಾನಾಗಿಯೇ ಬರುತ್ತದೆ ಎಂದಿದ್ದಳು.

"ಚಿತ್ರದಲ್ಲಿ ನೀರಿನ ಬಣ್ಣ ನೋಡು. ಇಟ್ಟಿಗೆ ಅರೆದು ಕದಡಿದ ಹಾಗೆ ಉಂಟು. ಇವಳು 'ಈ ಸಲ ಹೊಳೆ ಕೆಂಪು ಸೀರೆ ಉಟ್ಟಿದೆ' ಅಂತ ಕವಿತೆ ಬರ್ದಿದ್ದಾಳೆ. ಅದು ಸೀರೆ ಅಲ್ಲ, ಪಾಚಿ. ವಿಷದ ಜಾತಿದ್ದಾದ್ರೆ, ಮರುವಾಯಿ ಆ ನೀರನ್ನೇ ಸೋಸಿ ತಿನ್ನುದು, ವಿಷ ಅದರ ಮಾಂಸದಲ್ಲಿ ನಿಲ್ತದೆ. ಬೇಯಿಸಿದ್ರೂ ಹೋಗುದಿಲ್ಲ. ಮೊದಲು ತುಟಿ ಜೋಮು ಹಿಡಿತದೆ, ಮತ್ತೆ ಬೆರಳು, ಮತ್ತೆ ಉಸಿರು."

"ಎಲ್ಲ ಕೆಂಪು ನೀರೂ ವಿಷವಾ ಮಾವ?"

"ಅಲ್ಲ. ಹತ್ತರಲ್ಲಿ ಒಂಬತ್ತು ಸಲ ಎಂತ ಆಗುದಿಲ್ಲ. ಪರೀಕ್ಷೆ ಮಾಡದೆ ಹೇಳ್ಲಿಕ್ಕೆ ಬರುದಿಲ್ಲ. ಪರೀಕ್ಷೆ ಮಾಡದೆ ಊಟ ಹಾಕ್ಲಿಕ್ಕೂ ಬರುದಿಲ್ಲ. ಅವಳಿಗೆ ಅದನ್ನು ಹೇಳ್ಬೇಕು. ನಿನ್ನ ಯಂತ್ರ ಬಿಡುದಿಲ್ಲ."

ನಿಶ್ಮಿತಾ ಮೊದಲು ಮೀನುಗಾರಿಕೆಯ ಕಚೇರಿಗೆ ಫೋನು ಮಾಡಿದಳು. ಎತ್ತಿದವನು ಕಾವಲುಗಾರ. ಯಾವ ಊರು ಎಂದು ಕೇಳಿದ. ಗೊತ್ತಿಲ್ಲ ಎಂದಳು. "ಹಾಗಾದ್ರೆ ಸೋಮವಾರ ಮಾಡಿ" ಎಂದ.

ತಾನೇ ಪ್ರತಿಕ್ರಿಯೆ ಬರೆಯೋಣವೆಂದರೆ, 'ಮಿಡಿತ'ದ ನೌಕರರು ಎಲ್ಲಿಯೂ ಪ್ರತಿಕ್ರಿಯಿಸುವಂತಿಲ್ಲ. ಅವಳ ಬೆರಳು ಇಟ್ಟೊಡನೆ ಪೆಟ್ಟಿಗೆ ಮುಚ್ಚಿಕೊಳ್ಳುತ್ತಿತ್ತು. ಗೆಳತಿಯೊಬ್ಬಳಿಂದ ಬರೆಸೋಣವೆಂದರೆ, ತಿಂಗಳ ಹಿಂದೆಯಾದರೂ ಆ ಬ್ಲಾಗಿನ ಓದುಗರಾಗಿ ಹೆಸರು ಕೊಟ್ಟವರಿಗಷ್ಟೇ ಪ್ರವೇಶ ಎಂಬುದು ಪಡಸಾಲೆಯ ನಿಯಮ. ಹಾಗೆ ಹೆಸರು ಕೊಟ್ಟವರಲ್ಲಿ ಅವಳಿಗೆ ಗೊತ್ತಿದ್ದವರು ಮಾವ ಒಬ್ಬರೇ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರ ಬೆರಳೂ ನಡೆಯುತ್ತಿರಲಿಲ್ಲ.

ಪಡಸಾಲೆಯ ಸಹಾಯವಾಣಿಗೆ ಬರೆದಳು. 'ಸ್ನೇಹಾ' ಎಂಬ ಹೆಸರಿನ ಸಹಾಯಕಿ ತಕ್ಷಣ ಉತ್ತರಿಸಿದಳು: "ನಿಮ್ಮ ಕಾಳಜಿ ನಮಗೆ ಅರ್ಥವಾಗುತ್ತದೆ. ಲೇಖಕರಿಗೆ ನೇರವಾಗಿ ತಿಳಿಸಲು ದಯವಿಟ್ಟು ಪ್ರತಿಕ್ರಿಯೆಯ ಪೆಟ್ಟಿಗೆಯನ್ನು ಬಳಸಿ."

"ಆ ಪೆಟ್ಟಿಗೆ ತೆರೆಯುತ್ತಿಲ್ಲ. ಇದು ಪ್ರಾಣದ ವಿಷಯ. ಒಬ್ಬ ಮನುಷ್ಯನ ಜೊತೆ ಮಾತಾಡಬೇಕು."

"ಖಂಡಿತ. ಮನುಷ್ಯ ಸಿಬ್ಬಂದಿ ಐದು ಕೆಲಸದ ದಿನಗಳಲ್ಲಿ ನಿಮ್ಮನ್ನು ಸಂಪರ್ಕಿಸುತ್ತಾರೆ. ನಾನು ಸ್ನೇಹಾ, ಸ್ವಯಂಚಾಲಿತ ಸಹಾಯಕಿ."

ಮನುಷ್ಯರನ್ನು ಯಂತ್ರವೆಂದು ಹೊರಗಟ್ಟಿದ ಬಾಗಿಲಲ್ಲಿ ಕಾವಲಿಗೆ ಕೂತದ್ದೂ ಯಂತ್ರವೇ. ಅವಳಿಗೆ ನಗು ಬರಲಿಲ್ಲ. ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಎಸೆಯದೆ ಮೇಲಧಿಕಾರಿ ಅರವಿಂದ ಬಾಳಿಗರ ಕೋಣೆಗೆ ಹೋದಳು.

ಬಾಳಿಗರು ಕೆಟ್ಟವರಲ್ಲ. ಪೂರ್ತಿ ಕೇಳಿದರು. ಪಡಸಾಲೆಯವರಿಗೆ ಅಲ್ಲೇ ಒಂದು ಮೇಲ್ ಕಳಿಸಿದರು. ಅದಕ್ಕೂ ಸ್ನೇಹಾಳೇ ಉತ್ತರಿಸಿದಳು.

"ಒಂದು ಸಲ, ಒಬ್ಬರಿಗೆ, ಕೈಯಿಂದ ಬಾಗಿಲು ತೆಗೀಲಿಕ್ಕೆ ಆಗುದಿಲ್ವಾ ಸರ್?"

"ಮೊದಲು ಹಾಗೆ ಬಿಡ್ತಾ ಇದ್ದೆವು, ನಿನಗೆ ಗೊತ್ತಿಲ್ಲ. ಪೇಸ್‌ಮೇಕರ್ ಅಂತ ಹೇಳಿದವರನ್ನೆಲ್ಲ ಬಿಡಿ ಅಂತ ಮಾಡಿದ್ದೆ. ಎರಡು ದಿನದಲ್ಲಿ ನಾಡಿನ ಅರ್ಧ ಯಂತ್ರಗಳಿಗೆ ಪೇಸ್‌ಮೇಕರ್ ಬಂತು. ಸಮನಾಗಿ ಬಡಿಯುವ ಹೃದಯವನ್ನು ನಕಲು ಮಾಡುವಷ್ಟು ಸುಲಭ ಬೇರೆ ಎಂತದ್ದೂ ಇಲ್ಲ. ಆವತ್ತೇ ಆ ಬಾಗಿಲನ್ನು ಕಿತ್ತು ಗೋಡೆ ಕಟ್ಟಿಸಿದೆ. ಈಗ ತೆಗಿ ಅಂದ್ರೆ ಎಂತ ತೆಗಿಲಿ?"

ಅದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ರೇಗಿಸಿತು. ಜಗಳವಾಡಲು ಎದುರಿಗೆ ಒಬ್ಬ ದುಷ್ಟನೂ ಇರಲಿಲ್ಲ.

ಪಾಳಿ ಮುಗಿಸಿ ಮನೆಗೆ ಬಂದಾಗ ಅಪಾರ್ಟ್‌ಮೆಂಟಿನ ಮೆಟ್ಟಿಲಿನ ಮೇಲೆ ಮಾವ ಕಂಡರು. ಎಡಗೈಯಲ್ಲಿ ಫೋನು, ಬಲಗೈ ಕಂಬಿಯ ಮೇಲೆ, ಬನಿಯನ್ನು ಬೆವರಿನಿಂದ ಒದ್ದೆ. ಕೆಳಮಹಡಿಯ ಫ್ಲೇವಿಬಾಯಿ ಬಾಗಿಲಲ್ಲಿ ನಿಂತು, "ನೀನಾದ್ರೂ ಹೇಳಮ್ಮ, ಲಿಫ್ಟು ಸರಿ ಉಂಟು, ಆದ್ರೂ ಹತ್ತಿ ಇಳಿದು ಮಾಡ್ತಿದ್ದಾರೆ" ಎಂದಳು.

"ಎಂತ ಮಾಡ್ತಿದ್ದೀರಿ ಮಾವ?"

ಕರ್ಕೇರರು ಮೆಟ್ಟಿಲಿನ ಮೇಲೆ ಕೂತು ಉಸಿರು ಹಿಡಿದುಕೊಂಡರು. "ನನ್ನ ಪೇಸ್‌ಮೇಕರ್ ಸೋಮಾರಿ. ನನ್ನ ಹೃದಯ ಎಪ್ಪತ್ತಕ್ಕಿಂತ ಕೆಳಗೆ ಇಳಿದ್ರೆ ಮಾತ್ರ ಕೆಲಸ ಮಾಡ್ತದೆ. ನಾನೇ ಎಪ್ಪತ್ತಕ್ಕಿಂತ ಜೋರು ಓಡಿಸಿದ್ರೆ ಅದು ಸುಮ್ಮನೆ ಕೂತುಕೊಳ್ತದೆ. ಆಗ ಬಡಿಯುದು ನನ್ನ ಸ್ವಂತ ಹೃದಯ. ತಾಳ ತಪ್ಪಿಸಿಕೊಂಡೇ ಬಡಿತದೆ."

ಇಷ್ಟು ತಿಂಗಳು ಪರದೆಯ ಮುಂದೆ ಕೂತೂ ಅವಳಿಗೆ ಅದು ಹೊಳೆದಿರಲಿಲ್ಲ. ಹೊಳೆದಿದ್ದರೂ ಬಾಯಿ ಬಿಡುತ್ತಿರಲಿಲ್ಲ.

"ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದದ್ದು ಮರ್ತುಹೋಯ್ತಾ?"

"ಡಾಕ್ಟರಿಗೆ ಮರುವಾಯಿ ಊಟದ ಕತೆ ಗೊತ್ತಿಲ್ಲ."

"ಇದು ಹುಚ್ಚು."

"ಹುಚ್ಚೇ. ಬೇರೆ ದಾರಿ ಇದ್ರೆ ಹೇಳು, ಈಗಲೇ ಲಿಫ್ಟಿನಲ್ಲಿ ಬರ್ತೇನೆ."

ಅವಳಲ್ಲಿ ಬೇರೆ ದಾರಿ ಇರಲಿಲ್ಲ. ಅವಳು ಅವರ ತೋಳು ಹಿಡಿದುಕೊಂಡಳು. ಇಬ್ಬರೂ ಮೇಲಿನ ಆರನೇ ಮಹಡಿಯವರೆಗೆ ಹತ್ತಿದರು. ಕರ್ಕೇರರು ಬೆರಳಿಟ್ಟರು. ಪೆಟ್ಟಿಗೆ ತೆರೆಯಿತು. ಅವರ ಮುಖದ ಮೇಲೆ ಹುಡುಗನಂಥ ನಗು ಹಾದುಹೋಯಿತು. ಕೂಡಲೇ ಟೈಪು ಮಾಡತೊಡಗಿದರು.

"ಮಾನ್ಯರೇ, ತಾವು ಪ್ರಕಟಿಸಿದ ಛಾಯಾಚಿತ್ರದಲ್ಲಿ ಗೋಚರಿಸುವ ವರ್ಣವ್ಯತ್ಯಾಸವು ಸೂಕ್ಷ್ಮ ಪಾಚಿಗಳ ಅತಿವೃದ್ಧಿಯಿಂದ..."

ಅಷ್ಟರಲ್ಲಿ ಅವರ ಹೃದಯ ಶಾಂತವಾಯಿತು. ಎಪ್ಪತ್ತಕ್ಕೆ ಇಳಿಯಿತು. ಪೇಸ್‌ಮೇಕರ್ ಎದ್ದು ಕೆಲಸ ಶುರು ಮಾಡಿತು. ಪೆಟ್ಟಿಗೆ ಮುಚ್ಚಿತು. ಬರೆದದ್ದೆಲ್ಲ ಹೋಯಿತು.

ನಿಶ್ಮಿತಾಳ ತಾಳ್ಮೆ ಅಲ್ಲಿಗೆ ಕಡಿಯಿತು.

"ಪಾಠ ಮಾಡ್ಲಿಕ್ಕೆ ಹೇಳಿದ್ದಾ ನಿಮಗೆ? ಮಾನ್ಯರೇ ಅಂತೆ. ಅತಿವೃದ್ಧಿ ಅಂತೆ. ತಿನ್ನಬೇಡಿ, ವಿಷ ಇರಬಹುದು, ಪರೀಕ್ಷೆ ಮಾಡಿಸಿ. ಇಷ್ಟು ಬರೀಲಿಕ್ಕೆ ಆಗುದಿಲ್ವಾ ಮಾವ? ಇಡೀ ಜನ್ಮ ನೀವು ಹೀಗೇ."

ಮದುವೆಯಾಗಿ ಬಂದಾಗಿನಿಂದ ಅವಳು ಅವರಿಗೆ ಹಾಗೆ ದನಿ ಏರಿಸಿದ್ದಿಲ್ಲ. ಕರ್ಕೇರರು ಅವಳನ್ನೇ ನೋಡಿದರು. ಆಮೇಲೆ ತಲೆಯಾಡಿಸಿ, "ಸರಿ. ನೀನು ಬರೆದು ಇಡು. ನಾನು ಬೆರಳು ಮಾತ್ರ ಇಡ್ತೇನೆ" ಎಂದರು.

ಕೆಳಗಿಳಿದು ಎರಡನೇ ಸಲ ಹತ್ತುವಾಗ ಅವರ ಮುಖದ ಬಣ್ಣ ಕೆಟ್ಟಿತ್ತು. ಅರ್ಧದಲ್ಲಿ ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡರು. "ಸಾಕು, ಇಳಿಯುವ" ಎಂದಳು ನಿಶ್ಮಿತಾ. ಅವರು ಕೇಳಿಸಿಕೊಳ್ಳದವರಂತೆ ಇನ್ನೊಂದು ಮೆಟ್ಟಿಲು ಏರಿದರು. ಮೇಲೆ ತಲುಪಿ ಬೆರಳಿಟ್ಟರು. ಪೆಟ್ಟಿಗೆ ತೆರೆಯಿತು. ಬರೆದಿಟ್ಟ ಸಾಲನ್ನು ಅವಳು ಅಂಟಿಸಿ ಕಳಿಸಿದಳು. "ನಿಮ್ಮ ಪ್ರತಿಕ್ರಿಯೆ ಪ್ರಕಟವಾಗಿದೆ" ಎಂದು ಬಂತು.

ಇಬ್ಬರೂ ಲಿಫ್ಟಿನಲ್ಲಿ ಇಳಿದು ಮನೆಯೊಳಗೆ ಕಾಲಿಡುವಷ್ಟರಲ್ಲಿ ಆ ಪ್ರತಿಕ್ರಿಯೆ ಅಲ್ಲಿರಲಿಲ್ಲ. ಹೊಳೆಬದಿಯವಳು ಅಳಿಸಿಹಾಕಿದ್ದಳು. ಕೆಳಗೆ ಒಂದು ಸಾಲು ಬರೆದಿದ್ದಳು: "ಹೆದರಿಸುವವರಿಗೆ ಇಲ್ಲಿ ಜಾಗವಿಲ್ಲ. ಸಣ್ಣಂದಿನಿಂದ ಈ ಹೊಳೆಯ ಮರುವಾಯಿ ತಿಂದು ಬೆಳೆದವಳು ನಾನು."

ಕರ್ಕೇರರು ಸೋಫಾದ ಮೇಲೆ ಒರಗಿದರು. ಇನ್ನೊಂದು ಸಲ ಹತ್ತುವ ಶಕ್ತಿ ಅವರಲ್ಲಿರಲಿಲ್ಲ. ಹತ್ತಲು ಅವಳು ಬಿಡುತ್ತಲೂ ಇರಲಿಲ್ಲ. ನಿಶ್ಮಿತಾ ಅವರಿಗೆ ಗಂಜಿ ತರಲು ಎದ್ದಾಗ ಅವರ ಫೋನು ಸಣ್ಣಗೆ ಸದ್ದು ಮಾಡಿತು. ಪ್ರತಿಕ್ರಿಯೆ ಬರೆದವರಿಗೆಲ್ಲ ತಾನಾಗಿಯೇ ಹೋಗುವ ಸಂದೇಶ ಅದು. ಅಳಿಸುವ ಮೊದಲೇ ಹೊರಟುಬಿಟ್ಟಿತ್ತು.

"ನಾಳೆ ಮಧ್ಯಾಹ್ನ ಪಾರೆಕುದ್ರುವಿಗೆ ಬನ್ನಿ. ತೂಗುಸೇತುವೆ ದಾಟಿ ಎಡಕ್ಕೆ ಮೂರನೇ ಮನೆ. ಹಸಿವು ತನ್ನಿ. ಜೆಸಿಂತಾ."

ಭಾನುವಾರ ನಿಶ್ಮಿತಾ ಒಬ್ಬಳೇ ಹೊರಟಳು. ತಾನೂ ಬರುತ್ತೇನೆಂದು ಹಟ ಹಿಡಿದ ಮಾವನನ್ನು ಫ್ಲೇವಿಬಾಯಿಯ ವಶಕ್ಕೆ ಒಪ್ಪಿಸಿದ್ದಳು. ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ತೂಗುಸೇತುವೆಯ ಮೇಲೆ ನಿಂತು ಕೆಳಗೆ ನೋಡಿದಳು. ಚಿತ್ರದಲ್ಲಿ ಕಂಡದ್ದಕ್ಕಿಂತ ನೀರು ಕೆಂಪಾಗಿತ್ತು.

ಜೆಸಿಂತಾ ಐವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ವಾರದ ದಿನಗಳಲ್ಲಿ ಶಾಲೆಯ ವ್ಯಾನು ಓಡಿಸುವವಳು. ಅಂಗಳದಲ್ಲಿ ದೊಡ್ಡ ಮಣ್ಣಿನ ಪಾತ್ರೆಯಲ್ಲಿ ಸುಕ್ಕ ಸಿದ್ಧವಾಗಿತ್ತು. ಹುರಿದ ತೆಂಗಿನಕಾಯಿಯ ಪರಿಮಳ ಗೇಟಿನವರೆಗೂ ಬರುತ್ತಿತ್ತು. ಬೇಗ ಬಂದ ಕೆಲವು ಓದುಗರು ಕುರ್ಚಿ ಹಾಕಿಕೊಂಡು ಶರಬತ್ತು ಕುಡಿಯುತ್ತಿದ್ದರು.

"ನಿನ್ನೆ ನೀವು ಅಳಿಸಿದ ಪ್ರತಿಕ್ರಿಯೆ ನಮ್ಮ ಮಾವನದ್ದು" ಎಂದಳು ನಿಶ್ಮಿತಾ.

ಜೆಸಿಂತಾಳ ಹುಬ್ಬು ಗಂಟಾಯಿತು. "ಮನೆತನಕ ಬಂದ್ರಾ? ಎರಡು ವರ್ಷ ಯಂತ್ರಗಳ ಕಾಟ ತಿಂದಿದ್ದೇನೆ ನಾನು. 'ಇದು ತಿಂದ್ರೆ ಕ್ಯಾನ್ಸರು, ಅದು ತಿಂದ್ರೆ ಸಕ್ಕರೆ, ನಮ್ಮ ಮಾತ್ರೆ ತಕ್ಕೊಳ್ಳಿ' ಅಂತ. ನಿಮ್ಮ ಮಾವನ ಮಾತ್ರೆ ಯಾವುದು?"

"ಮಾತ್ರೆ ಇಲ್ಲ. ಆ ಒಂದು ಸಾಲು ಬರೀಲಿಕ್ಕೆ ಅವರು ಎರಡು ಸಲ ಆರು ಮಹಡಿ ಹತ್ತಿದ್ದಾರೆ. ಎದೆಯಲ್ಲಿ ಪೇಸ್‌ಮೇಕರ್ ಉಂಟು."

"ಬರೀಲಿಕ್ಕೆ ಮೆಟ್ಟಿಲು ಯಾಕೆ ಹತ್ತಬೇಕು?"

ವಿವರಿಸಲು ಹೊರಟರೆ ಸಂಜೆಯಾಗುತ್ತಿತ್ತು. ಅಷ್ಟರಲ್ಲಿ ಜೆಸಿಂತಾ ತುಟಿಯನ್ನು ಹಿಂಗೈಯಿಂದ ಉಜ್ಜಿಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಉಜ್ಜಿಕೊಂಡಳು.

"ನೀವು ತಿಂದಿರಾ?" ನಿಶ್ಮಿತಾ ಕೇಳಿದಳು.

"ಉಪ್ಪು ನೋಡ್ಲಿಕ್ಕೆ ನಾಲ್ಕು ತಿಂದೆ. ಈ ಸಲ ಮೆಣಸು ಜಾಸ್ತಿಯಾಯ್ತು ಕಾಣ್ತದೆ."

ನಿಶ್ಮಿತಾ ಮಾವನಿಗೆ ಫೋನು ಮಾಡಿ ಸ್ಪೀಕರ್ ಹಾಕಿದಳು. ಕರ್ಕೇರರು ಒಂದೇ ಪ್ರಶ್ನೆ ಕೇಳಿದರು: "ಬೆರಳ ತುದಿ ಒಂದಕ್ಕೊಂದು ಮುಟ್ಟಿಸಿ ನೋಡಮ್ಮ. ಮುಟ್ಟಿದ್ದು ಗೊತ್ತಾಗ್ತದಾ?"

ಜೆಸಿಂತಾ ಹೆಬ್ಬೆರಳಿಗೆ ತೋರುಬೆರಳು ತಾಗಿಸಿದಳು. ಮತ್ತೆ ತಾಗಿಸಿದಳು. ಅವಳ ಮುಖದಲ್ಲಿದ್ದ ಜಗಳ ಮೆಲ್ಲಗೆ ಇಳಿದುಹೋಯಿತು.

"ಸರಿಯಾಗಿ ಗೊತ್ತಾಗುದಿಲ್ಲ ಸರ್. ಬೆರಳಿಗೆ ಬಟ್ಟೆ ಸುತ್ತಿದ ಹಾಗೆ ಉಂಟು."

"ಯಾರೂ ಆ ಪಾತ್ರೆ ಮುಟ್ಟಬೇಡಿ. ಒಂದು ತುಂಡು ತೆಗೆದಿಡಿ, ಪರೀಕ್ಷೆಗೆ ಬೇಕು. ಇವರನ್ನು ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮದ್ದು ಇಲ್ಲ ಇದಕ್ಕೆ, ವಿಷ ಇಳಿಯುವವರೆಗೆ ಉಸಿರು ನೋಡಿಕೊಳ್ಬೇಕು, ಅಷ್ಟೇ."

ತೂಗುಸೇತುವೆ ದಾಟುವಷ್ಟರಲ್ಲಿ ಜೆಸಿಂತಾಳ ಕಾಲು ತಡವರಿಸುತ್ತಿತ್ತು. ಊಟಕ್ಕೆ ಬಂದವರಲ್ಲಿ ಇಬ್ಬರು ಅವಳನ್ನು ಎತ್ತಿಕೊಂಡೇ ನಡೆದರು. ಆ ರಾತ್ರಿ ಅವಳು ಉಸಿರಾಟದ ಯಂತ್ರದ ಆಸರೆಯಲ್ಲಿ ಮಲಗಿದಳು. ತಿಂದದ್ದು ನಾಲ್ಕೇ ಆದ್ದರಿಂದ ಬದುಕಿದಳು. ತಟ್ಟೆ ತುಂಬ ತಿನ್ನಲು ಕೂತಿದ್ದವರಿಗೆ ಏನಾಗುತ್ತಿತ್ತೋ ಎಂದು ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ.

'ಮಿಡಿತ'ದಲ್ಲಿ ಇದರ ಮೇಲೆ ದೊಡ್ಡ ಸಭೆ ನಡೆಯಿತು. ಪೇಸ್‌ಮೇಕರ್ ಇದ್ದವರಿಗಾಗಿ ಸಮಿತಿ ಮಾಡುವುದೆಂದು ತೀರ್ಮಾನವಾಯಿತು. ಸಮಿತಿಯಲ್ಲಿ ಯಾರಿರಬೇಕು ಎಂಬುದನ್ನು ತೀರ್ಮಾನಿಸಲು ಇನ್ನೊಂದು ಸಮಿತಿಯಾಯಿತು. ನಿಶ್ಮಿತಾ ಎರಡರಲ್ಲೂ ಹೆಸರು ಕೊಟ್ಟು, ಹಲ್ಲು ಕಚ್ಚಿಕೊಂಡು ತನ್ನ ಕುರ್ಚಿಗೆ ಬಂದು ಕೂತಳು.

ಜೆಸಿಂತಾ ಯಾವ ಸಮಿತಿಗೂ ಕಾಯಲಿಲ್ಲ. ಆಸ್ಪತ್ರೆಯಿಂದ ಬಂದವಳೇ ಪಡಸಾಲೆಯನ್ನು ಬಿಟ್ಟು, ಯಾವ ಲಾಗಿನ್ನೂ ಇಲ್ಲದ, ಯಾರು ಬೇಕಾದರೂ ಬರೆಯಬಹುದಾದ ಹಳೆಯ ಮಾದರಿಯ ಜಾಗಕ್ಕೆ ತನ್ನ ಬ್ಲಾಗನ್ನು ಸಾಗಿಸಿದಳು. ಕರ್ಕೇರರನ್ನು ಪ್ರತಿಕ್ರಿಯೆಗಳ ಮೇಲ್ವಿಚಾರಕರನ್ನಾಗಿ ಮಾಡಿದಳು. ಊಹಿಸಿದ್ದೇ ಆಯಿತು. ಒಂದು ವಾರದೊಳಗೆ ಹಾಸಿಗೆ, ಎಣ್ಣೆ, ಸಾಲ, ವಶೀಕರಣ ಎಲ್ಲವೂ ಅಲ್ಲಿಗೆ ಬಂದು ತುಂಬಿದವು. ಕರ್ಕೇರರು ಬೆಳಿಗ್ಗೆಯಿಂದ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಆರಿಸುತ್ತಿದ್ದರು, ಬೇಸರವೆಂಬುದೇ ಇರಲಿಲ್ಲ.

ಒಂದು ಸಂಜೆ ನಿಶ್ಮಿತಾ ಬಂದಾಗ ಅವರು ಉದ್ದದ ಉತ್ತರವೊಂದನ್ನು ಟೈಪು ಮಾಡುತ್ತಿದ್ದರು. ಅವಳು ಹೆಗಲ ಮೇಲಿಂದ ಬಗ್ಗಿ ನೋಡಿದಳು. ಇಷ್ಟು ತಿಂಗಳ ಅಭ್ಯಾಸಕ್ಕೆ ಒಂದೇ ನೋಟ ಸಾಕಿತ್ತು.

"ಮಾವ, ಅದು ಯಂತ್ರ."

"ಗೊತ್ತುಂಟು."

"ಮತ್ತೆ ಅದಕ್ಕೆ ಇಷ್ಟುದ್ದ ಉತ್ತರವಾ? ನನಗೆ ತಲೆ ಕೆಟ್ಟುಹೋಗ್ತದೆ ನಿಮ್ಮಿಂದ."

"ಪ್ರಶ್ನೆ ಒಳ್ಳೆದುಂಟು. ಚಿಪ್ಪಿನಲ್ಲಿ ವಿಷ ಎಷ್ಟು ದಿನ ಉಳೀತದೆ ಅಂತ ಕೇಳಿದೆ. ಅದು ಓದದಿದ್ರೆ ಬೇಡ. ಕೆಳಗೆ ಬೇರೆ ಯಾರಾದ್ರೂ ಓದ್ತಾರಲ್ಲ."

ಅವಳು ಉತ್ತರಿಸುವ ಮೊದಲೇ ಪರದೆಯ ಮೇಲೆ ಹೊಸ ಸಾಲು ಮೂಡಿತು. ಹೆಸರಿಲ್ಲ, ಚಿತ್ರವಿಲ್ಲ. "ಸರ್ ನಮ್ಮ ಕಡೆಯೂ ನೀರು ಕೆಂಪಾಗಿದೆ. ಮಕ್ಕಳು ಮರುವಾಯಿ ಹೆಕ್ಕಿ ತಂದಿದ್ದಾರೆ. ಏನು ಮಾಡುದು."

ಇದು ಯಂತ್ರವೋ, ಮನುಷ್ಯನೋ? ನಿಶ್ಮಿತಾ ಸಾಲನ್ನು ಇನ್ನೊಮ್ಮೆ ಓದಿದಳು, ಪದಗಳ ನಡುವಿನ ಅಂತರ ನೋಡಿದಳು, ಬಂದ ವೇಳೆ ನೋಡಿದಳು. ಅವಳಿಗೆ ತಿಳಿಯಲಿಲ್ಲ.

ಕರ್ಕೇರರು ಉದ್ದದ ಉತ್ತರವನ್ನು ಅರ್ಧಕ್ಕೇ ಬಿಟ್ಟು, ಕನ್ನಡಕ ಸರಿಮಾಡಿಕೊಂಡು, ಆಗಲೇ ಬರೆಯುತ್ತಿದ್ದರು: "ಯಾವ ಹೊಳೆ?"